ಮುತ್ತಣ್ಣನ ನೆಲಗುಬ್ಬಿ ವಹಿ

ಬನಹಟ್ಟಿಯ ನೇಕಾರ ಮುತ್ತಣ್ಣ 2004ರಿಂದ ನೆಲಗುಬ್ಬಿಗಳನ್ನು ಎಣಿಸುತ್ತ ಬಂದಿದ್ದಾರೆ. ಮುಂಗಾರಿನ ಮೊದಲ ಮಳೆಯ ನಂತರದ ಭಾನುವಾರ, ಬೆಳಿಗ್ಗೆ ಆರಕ್ಕೆ, ಚಿಮ್ಮಡದ ಬಳಿ ದನ ಮೇಯಿಸುವ ಗಾಯರಾಣದಲ್ಲಿ ಅದೇ ಹಾದಿ, ಅದೇ ಹನ್ನೊಂದು ಜಾಗ, ಒಂದೊಂದರಲ್ಲೂ ಐದು ನಿಮಿಷ. ಮಣ್ಣಿನ ಬಣ್ಣದ ಹಕ್ಕಿ ಹುಲ್ಲಿನಲ್ಲಿ ಕೂತರೆ ಕಾಣುವುದಿಲ್ಲ. ಹಾಡು ಕೇಳಿಯೇ ಎಣಿಸಬೇಕು. ಮೊದಲ ವರ್ಷ ನಲವತ್ತೊಂದು. ಹತ್ತು ವರ್ಷದ ಮೇಲೆ ಇಪ್ಪತ್ತಾರು. ಹೋದ ವರ್ಷ ಆರು. ಗಾಯರಾಣದ ಅರ್ಧ ಕಬ್ಬಾಗಿತ್ತು, ಹಾಗಾಗಿ ಇಳಿಕೆಯ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ.

ಈ ಸಲ ಅಣ್ಣನ ಮಗಳು ನೇತ್ರಾ ಜೊತೆಗೆ ಬಂದಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವ ಅವಳ ಪ್ರಬಂಧಕ್ಕೆ ಕಾಕಾ ಎಣಿಕೆ ಬರೆದಿಟ್ಟ ವಹಿಯೇ ಆಧಾರ.

ಮೂರನೆಯ ಜಾಗದಲ್ಲಿ ಮುತ್ತಣ್ಣ ಸೊನ್ನೆ ಬರೆದರು.

"ಕಾಕಾ, ಎರಡ ಹಾಡಾಕತ್ತಾವಲ್ರಿ!"

"ಚಾಷ್ಟಿ ಮಾಡಬ್ಯಾಡ ಬೇ. ಸೊನ್ನಿ ಅಂದ್ರ ಸೊನ್ನಿ."

ಅವಳು ಕೈ ತೋರಿಸಿದಳು. ಹತ್ತು ಹೆಜ್ಜೆಯಾಚೆ ಕಲ್ಲಿನ ಮೇಲೆ ಒಂದು ಹಕ್ಕಿ. ಮುತ್ತಣ್ಣ ಬಹಳ ಹೊತ್ತು ನೋಡಿದರು.

"ಬಾಯಿ ಬಿಡಾಕತ್ತೈತಿ," ಎಂದರು. "ದನಿ ಇಲ್ಲ."

ಪಾವರ್‌ಲೂಮ್ ಶೆಡ್ಡಿನ ಗದ್ದಲದಲ್ಲಿ ಮೂವತ್ತು ವರ್ಷ ದುಡಿದವರಿಗೆ ಸಣ್ಣ ದನಿಗಳು ಮೊದಲು ಹೋಗುತ್ತವೆ. ಅಲ್ಲಿ ಎಲ್ಲರೂ ತುಟಿ ನೋಡಿ ಮಾತು ತಿಳಿಯುವವರು. ಕಿವಿ ಹೋದದ್ದು ಗೊತ್ತೇ ಆಗದು. ಬೆನ್ನ ಹಿಂದಿನಿಂದ ಕರೆದು, ಕೇಳಿಸದ್ದನ್ನು ಗುರುತಿಸಬಹುದಾಗಿದ್ದವಳು ಹೆಂಡತಿ ಶೇವಂತಿ ಒಬ್ಬಳೇ. ಅವಳು ತೀರಿ ಒಂಬತ್ತು ವರ್ಷ.

ಮೊದಲ ಜಾಗಕ್ಕೆ ಮರಳಿ, ಅಲ್ಲಿಂದ ಹನ್ನೊಂದೂ ಕಡೆ ಇಬ್ಬರೂ ಬೇರೆ ಬೇರೆ ಎಣಿಸಿದರು. ಅವರಿಗೆ ನಾಲ್ಕು, ಅವಳಿಗೆ ಹದಿನೆಂಟು.

"ನಲವತ್ತೊಂದರಿಂದ ಹದಿನೆಂಟಕ್ಕ ಇಳದದ್ದು ಖರೆ ಅದರೀ, ಕಾಕಾ."

"ಉಳದ ಇಳಿಕಿ ನನ್ನ ಕಿವೀದು. ಹದಿನೆಂಟಾದ್ರೂ ಅದಾವಲ್ಲ, ಛಲೋ ಆತು." ವಹಿಯ ಹಾಳೆ ಹಿಂದಕ್ಕೆ ತಿರುವುತ್ತ ಕೇಳಿದರು, "ಆದ್ರ ಯಾವ ವರ್ಷದಿಂದ ತಪ್ಪು ಬರದೀನಿ? ನಿಮ್ಮ ಕಾಕಿ ಇದ್ದಿದ್ರ ಹೇಳತಿದ್ಲು."

ಶೇವಂತಿ ತೀರಿದ ವರ್ಷದಿಂದ ಹೋದ ವರ್ಷದವರೆಗೆ ಪ್ರತಿ ಸಂಖ್ಯೆಯ ಮುಂದೆ ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕಿದರು.

ನೇತ್ರಾ ಧಾರವಾಡಕ್ಕೆ ಹೋದಳು. ಮುಂದಿನ ಭಾನುವಾರ ಮುತ್ತಣ್ಣ ಒಬ್ಬರೇ ಬಂದು ಹನ್ನೊಂದು ಕಡೆಯೂ ಐದೈದು ನಿಮಿಷ ನಿಂತರು. ವಹಿಯಲ್ಲಿ ಹೊಸ ಗೀಟು ಎಳೆದು ಪುಟವನ್ನು ಎರಡು ಭಾಗ ಮಾಡಿ, 'ಕಂಡದ್ದು' ಎಂಬಲ್ಲಿ ಮೂರು ಎಂದು ಬರೆದರು. 'ಕೇಳಿದ್ದು' ಎಂಬಲ್ಲಿ ಸೊನ್ನೆ ಹಾಕಲಿಲ್ಲ. ಖಾಲಿ ಬಿಟ್ಟರು.