ಸದ್ದಿಲ್ಲದ ಸವಾರಿ

ಜನ ಅವನನ್ನು ‘ಮೆಲ್ಲಗೆ ಮಾಮ’ ಅಂತಲೇ ಕರೆಯುತ್ತಿದ್ದರು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಪಟ್ಟಣದಿಂದ ಬಂದವರನ್ನು ಸೈಕಲ್ ಹತ್ತಿಸಿ, ಹಳೆಯ ಕಾಲುವೆಯ ಏರಿಯ ಮೇಲೆ ಸಾಲಾಗಿ ಕರೆದುಕೊಂಡು ಹೋಗಿ, ಹಳೇ ಊರುಗಳನ್ನು ತೋರಿಸಿಕೊಂಡು ಬರುವುದು ಅವನ ಕಸುಬು. ಯಾರಾದರೂ ಜೋರಾಗಿ ಪೆಡಲ್ ತುಳಿದರೆ, ಜೋರಾಗಿ ನಕ್ಕರೆ, ಪಾಪ ಜೋರಾಗಿ ಸೀನಿದರೂ ಸರಿ, ಸಾಲಿನ ಹಿಂದಿನಿಂದ ಅವನ ದನಿ ಬರುತ್ತಿತ್ತು: "ಮೆಲ್ಲಗೆ ಸ್ವಾಮಿ, ಮೆಲ್ಲಗೆ!" ಮೆಲ್ಲಗೆ ಸೀನುವುದು ಹೇಗೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ದಾರಿಯೇನೋ ನಿಜವಾಗಿಯೂ ಚೆನ್ನಾಗಿತ್ತು. ಕಾಲುವೆಯಲ್ಲಿ ದೋಣಿ ಓಡಾಡುವುದು ನಿಂತು ಎಷ್ಟೋ ಕಾಲವಾಗಿತ್ತು. ಹೆದ್ದಾರಿ ಗುಡ್ಡದ ಆಚೆ ಹೋಗಿತ್ತು. ಸೇತುವೆಗಳು ಎಷ್ಟು ಕಿರಿದೆಂದರೆ ಕಾರು ನುಗ್ಗುವ ಮಾತೇ ಇಲ್ಲ. ಒಂದು ಕಡೆ ನಿಂತ ನೀರು, ಇನ್ನೊಂದು ಕಡೆ ಹೊಲ, ಮಧ್ಯೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಮಣ್ಣಿನ ದಾರಿ. ಕೊನೆಯಲ್ಲಿ ಸಿಗುವ ಊರು ಎಲ್ಲಕ್ಕಿಂತ ಹಳೆಯದು. ಕಲ್ಲಿನ ಹೆಬ್ಬಾಗಿಲು ದಾಟಿದರೆ ಒಂದೇ ಓಣಿ, ಎರಡೂ ಕಡೆ ಮನೆಗಳ ಗೋಡೆ. ಇಳಿಜಾರಿನಲ್ಲಿ ಬಳುಕಿಕೊಂಡು ಕೆಳಗಿನ ಕೊಳದವರೆಗೆ ಹೋಗುತ್ತದೆ.

ಮೆಲ್ಲಗೆ ಮಾಮನ ಹೆಮ್ಮೆಯೆಲ್ಲ ಸದ್ದಿಲ್ಲದಿರುವುದರಲ್ಲಿತ್ತು. ಹೊರಡುವ ಮುನ್ನಾ ದಿನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎಲ್ಲ ಸೈಕಲ್ಲುಗಳನ್ನೂ ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದ. ಚೈನಿಗೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಕಿವಿ ಕೊಟ್ಟು ಕೇಳುತ್ತಿದ್ದ. ಎಲ್ಲಾದರೂ ಕಿರ್ ಅಂದರೆ ಮತ್ತೆ ಎಣ್ಣೆ. ಮಡ್‌ಗಾರ್ಡ್ ಗಡಗಡ ಅನ್ನದ ಹಾಗೆ ಬಟ್ಟೆ ಚೂರು ತುರುಕುತ್ತಿದ್ದ. ಕೊನೆಗೆ ಗಂಟೆಗಳನ್ನು ಒಂದೊಂದಾಗಿ ಬಿಚ್ಚಿ ತಗಡಿನ ಡಬ್ಬಕ್ಕೆ ಹಾಕುತ್ತಿದ್ದ. ಯಾರಾದರೂ ಕೇಳಿದರೆ, "ಗಂಟೆ ಹೊಡೆಯೋ ಆಸೆ ಇದ್ರೆ ಪಟ್ಟಣದಲ್ಲೇ ಇರಿ, ಅಲ್ಲಿ ಬೇಕಾದಷ್ಟು ಹೊಡೀಬಹುದು" ಅನ್ನುತ್ತಿದ್ದ. ಕೊನೆಯ ಊರಿನ ಹೆಬ್ಬಾಗಿಲ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಪಿಸುದನಿಯಲ್ಲಿ ಹೇಳುತ್ತಿದ್ದ: "ಇನ್ಮೇಲೆ ಮಾತಿಲ್ಲ, ಕೂಗಾಟ ಇಲ್ಲ. ಈ ಊರು ನೂರಾರು ವರ್ಷದಿಂದ ನಿದ್ದೆ ಮಾಡ್ತಿದೆ, ಎಬ್ಬಿಸಬೇಡಿ." ಊರು ಯಾವ ನಿದ್ದೆಯನ್ನೂ ಮಾಡುತ್ತಿರಲಿಲ್ಲ ಬಿಡಿ. ಒಳಗೆ ಜನ ಇದ್ದರು, ಅವರಿಗೆ ಕೈತುಂಬ ಕೆಲಸವಿತ್ತು. ಆದರೆ ಬಂದವರಿಗೆ ಆ ಮಾತು ಹಿಡಿಸುತ್ತಿತ್ತು, ಅವನಿಗೂ ಹಿಡಿಸುತ್ತಿತ್ತು.

ಆ ಓಣಿಯ ನಡುವಿನ ತಿರುವಿನಲ್ಲೇ ಅವನ ಅಕ್ಕನ ಮನೆ. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ನಡುವಯಸ್ಸಿನಲ್ಲಿ ಅವಳ ಕಣ್ಣು ಸ್ವಲ್ಪ ಸ್ವಲ್ಪವಾಗಿ ಮಂಜಾಗುತ್ತಾ ಪೂರ್ತಿ ಹೋಯಿತು. ಹೋದರೆ ಹೋಗಲಿ ಅಂತ ಅವಳು ಬೆತ್ತದ ಕುರ್ಚಿ ಹೆಣೆಯುವುದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಬೆತ್ತದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಕೋಲೂ ಇಲ್ಲದೆ, ಯಾರ ಕೈಯನ್ನೂ ಹಿಡಿಯದೆ ಓಣಿಯ ನಟ್ಟನಡುವೆ ಕೊಳಕ್ಕೆ ಇಳಿದು ಹೋಗುತ್ತಿದ್ದಳು. ಬೆತ್ತ ನೆನೆಯುವಷ್ಟು ಹೊತ್ತು ಬಟ್ಟೆ ಒಗೆಯುವವರ ಜೊತೆ ಹರಟೆ ಹೊಡೆದು ಬರುತ್ತಿದ್ದಳು. ಎದುರಿಗೆ ಬಂದವರನ್ನು ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿಯುತ್ತಿದ್ದಳು. "ಏನ್ ದರ್ಜಿಯೋರೇ, ಹೊಸ ಚಪ್ಪಲಿನಾ? ಕಚ್ಚುತ್ತೆ ಅಂತ ಕಾಣುತ್ತೆ, ಕುಂಟ್ತಾ ಇದೀರಲ್ಲ!" ಅಂದರೆ ದರ್ಜಿ ನಕ್ಕು ನಕ್ಕು ಸುಸ್ತಾಗುತ್ತಿದ್ದ. ಅವಳ ಲೋಕ ಅಂದರೆ ಆ ಓಣಿಯೇ. ಅಲ್ಲಿ ಅವಳು ಕುರುಡಿ ಅಂತ ಯಾರಿಗೂ ನೆನಪಾಗುತ್ತಿರಲಿಲ್ಲ, ಅವಳಿಗೂ.

ಒಂದು ದಿನ ಅಕ್ಕ ತಮ್ಮನಿಗೆ ಹೇಳಿದಳು. "ನಿನ್ನ ಸೈಕಲ್ಲುಗಳು ಪಕ್ಕದಲ್ಲೇ ಹೋದ್ರೂ ನಂಗೆ ಗೊತ್ತೇ ಆಗಲ್ಲ ಕಣೋ."

ಅವನಿಗೆ ಕೊಂಬು ಬಂದ ಹಾಗಾಯಿತು. ಎಲೆ ಬಿದ್ದರೂ ಎಲ್ಲಿ ಬಿತ್ತು ಅಂತ ಹೇಳುವ ಅಕ್ಕನಿಗೇ ಗೊತ್ತಾಗಲ್ಲ ಅಂದರೆ! ಮುಂದಿನ ಗುಂಪಿಗೆ ಹೆಬ್ಬಾಗಿಲ ಹತ್ತಿರ ಇದನ್ನೇ ಕಥೆ ಮಾಡಿ ಹೇಳಿದ. ಅವರು ಚಪ್ಪಾಳೆ ತಟ್ಟಲು ಹೋಗಿ, ಸದ್ದಾಗುತ್ತದೆ ಅಂತ ತಡೆದುಕೊಂಡರು.

ಸ್ವಲ್ಪ ದಿನ ಬಿಟ್ಟು ಅವಳು ಮತ್ತೆ ಹೇಳಿದಳು. "ನಿನ್ನೆ ಯಾರೋ ನನ್ನ ತೋಳು ಸವರಿಕೊಂಡೇ ಹೋದ್ರು ಕಣೋ. ಹೋದ್ಮೇಲೆ ಗೊತ್ತಾಯ್ತು. ಎದೆ ಧಸಕ್ ಅಂತು."

"ಅಷ್ಟು ನಯವಾಗಿ ಹೋಗ್ತಾರೆ ನೋಡು ನಮ್ಮೋರು!" ಅಂದ ಇವನು.

ಅಯ್ಯೋ, ಎದೆ ಧಸಕ್ ಅಂತು ಅಂದದ್ದನ್ನು ಕಿವಿಗೆ ಹಾಕಿಕೊಳ್ಳಬಾರದಿತ್ತೇ ಆ ಮನುಷ್ಯ! ಚೈನಿನ ಕಿರುಗುಟ್ಟುವಿಕೆ ಕೇಳುವ ಕಿವಿಗೆ ಅಕ್ಕನ ಮಾತು ಕೇಳಲಿಲ್ಲ. ಅವಳೂ ಒಂದು ನಗೆ ನಕ್ಕು ಸುಮ್ಮನಾದಳು. ತಾನೇ ಬೆಳೆಸಿದ ತಮ್ಮನ ಕಸುಬಿಗೆ ತನ್ನಿಂದ ಅಡ್ಡಿ ಯಾಕೆ ಅಂದುಕೊಂಡಿರಬೇಕು.

ಆ ದಿನ ಅವನು ಎಂದಿನಂತೆ ಸಾಲಿನ ಕೊನೆಯಲ್ಲಿದ್ದ. ತಿರುವಿನ ಆಚೆ ಧಡಾರ್ ಅಂತ ಸೈಕಲ್ ಬಿದ್ದ ಸದ್ದು ಕೇಳಿತು. ಇವನಿಗೆ ಮೊದಲು ಬಂದದ್ದು ಸಿಟ್ಟು. "ಎಷ್ಟು ಸಲ ಹೇಳೋದ್ರೀ, ಮೆಲ್ಲಗೆ ಅಂತ!" ಎಂದು ಗದರಿಕೊಂಡೇ ತಿರುವು ದಾಟಿದ. ನೋಡಿದರೆ ಕಲ್ಲಿನ ಮೇಲೆ ಅಕ್ಕ ಒಂದು ಕಡೆಗೆ ಮಗುಚಿ ಬಿದ್ದಿದ್ದಾಳೆ. ಬೆತ್ತ ಎಲ್ಲ ಕಡೆ ಚೆಲ್ಲಾಡಿದೆ. ಗುದ್ದಿದವನು ಯಾವುದೋ ಕಚೇರಿಯ ಗುಮಾಸ್ತ. ಅವಳ ಪಕ್ಕ ಮೊಣಕಾಲೂರಿ ಕೂತಿದ್ದ.

"ಕೂಗೋಣ ಅಂತ ಬಾಯಿ ತೆಗೆದೆ ಮಾಮ. ನೀವು ಕೂಗಬೇಡಿ ಅಂದಿದ್ರಲ್ಲ... ಅಷ್ಟರಲ್ಲಿ..." ಅಂದ.

ಅಕ್ಕನ ಸೊಂಟದ ಮೂಳೆ ಮುರಿದಿತ್ತು. ತಿಂಗಳುಗಟ್ಟಲೆ ಮಲಗಿದಳು. ಅಕ್ಕಪಕ್ಕದವರು ತಲೆ ಮೇಲೆ ಹೊತ್ತು ನೋಡಿಕೊಂಡರು. ಮೂಳೆ ಕೂಡಿತು, ವೈದ್ಯರು ಇನ್ನು ನಡೆಯಬಹುದು ಅಂದರು. ಅವಳು ಮನೆಯೊಳಗೆ ಚೆನ್ನಾಗಿಯೇ ನಡೆದಳು. ಹೊಸಿಲಿನ ಹತ್ತಿರ ಬಂದರೆ ಕಾಲು ನಿಂತುಬಿಡುತ್ತಿತ್ತು. ಕುರ್ಚಿ ಹೆಣೆಯುವುದು ಹಾಗೇ ನಡೆಯಿತು. ಬೆತ್ತವನ್ನು ಪಕ್ಕದ ಮನೆಯವರು ನೆನೆಸಿ ತಂದುಕೊಡುತ್ತಿದ್ದರು.

ಮೆಲ್ಲಗೆ ಮಾಮನಿಗೆ ಅನ್ನ ಇಳಿಯಲಿಲ್ಲ. ಗುಮಾಸ್ತನನ್ನು ಬೈದು ನೋಡಿದ, ಇಳಿಜಾರನ್ನು ಬೈದು ನೋಡಿದ. ಹೆಂಡತಿ ಒಂದು ದಿನ ತಡೆಯಲಾರದೆ, "ನಿಮ್ಮಕ್ಕ ಎರಡೆರಡು ಸಲ ಬಾಯಿಬಿಟ್ಟು ಹೇಳಿದ್ರು. ಊರೆಲ್ಲ ಹೊಗಳಿ ಅಟ್ಟಕ್ಕೇರಿಸ್ತಾ ಇದ್ರಲ್ಲ, ನಿಮಗೆಲ್ಲಿ ಕೇಳಿಸಬೇಕು?" ಅಂದಳು. ಅಂದೇ ಕೊಟ್ಟಿಗೆಗೆ ಹೋಗಿ ಡಬ್ಬ ಮಗುಚಿ ಎಲ್ಲ ಸೈಕಲ್ಲಿಗೂ ಗಂಟೆ ಕಟ್ಟಿದ. ಅವನ ಹತ್ತಿರ ಕಲಿತು ಈಗ ತಮ್ಮದೇ ಗುಂಪು ಕಟ್ಟಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದವರ ಮನೆಮನೆಗೂ ಹೋಗಿ, ಕೈ ಮುಗಿದು, ಅವರ ಸೈಕಲ್ಲಿಗೂ ಕಟ್ಟಿಸಿದ. ಓಣಿಯಲ್ಲಿ ಮನುಷ್ಯರು ಕಂಡರೆ ಗಂಟೆ ಹೊಡೆಯಲೇಬೇಕು ಅಂತ ಕಟ್ಟಪ್ಪಣೆ ಮಾಡಿದ. ಇನ್ನೇನು, ಅಕ್ಕ ಹೊರಗೆ ಬಂದರೆ ಸಾಕು. ಅವಳು ಒಂದು ಸಲ ಕೊಳದವರೆಗೆ ಹೋಗಿ ಬಂದರೆ ತನ್ನ ತಪ್ಪಿನ ಭಾರ ಅರ್ಧ ಇಳಿಯುತ್ತದೆ ಅಂತ ಅವನ ಲೆಕ್ಕ.

ವಾರ ವಾರ ಹೋಗಿ ಗೋಗರೆದ. ಕೊನೆಗೊಂದು ಬೆಳಿಗ್ಗೆ ಅವಳು, "ಆಯ್ತು ಮಾರಾಯ, ನಿನ್ನ ಕಾಟ ತಡೆಯೋಕಾಗಲ್ಲ, ನಡಿ" ಅಂತ ಎದ್ದಳು. ಬೆತ್ತದ ಕಟ್ಟನ್ನು ಅವನು ಹಿಡಿದುಕೊಂಡ. ಹೊಸಿಲು ದಾಟಿದಳು. ಓಣಿಯ ನಡುವಿಗೆ ಬಂದು ಒಂದು ಕ್ಷಣ ಮುಖ ಎತ್ತಿ ನಿಂತಳು. ಅವನಿಗೆ ಕಣ್ಣಲ್ಲಿ ನೀರು ಬಂತು. ಹತ್ತಿಪ್ಪತ್ತು ಹೆಜ್ಜೆ ಇಟ್ಟರು. ಕೆಳಗಿನಿಂದ ಬಟ್ಟೆ ಒಗೆಯುವವರ ಮಾತು ಕೇಳಿಸುತ್ತಿತ್ತು. "ಅವಳಿಗೆ ಶೀತ ಆಗಿದೆ, ದನಿ ಕಟ್ಟಿದೆ" ಅಂತ ಅಕ್ಕ ಯಾರನ್ನೋ ಗುರುತಿಸಿ ನಕ್ಕಳು.

ಅಷ್ಟರಲ್ಲಿ ಹೆಬ್ಬಾಗಿಲ ಕಡೆಯಿಂದ ಟ್ರಿಣ್ ಟ್ರಿಣ್ ಅಂತ ಬಂತು. ಯಾರದೋ ಗುಂಪು. ಅಕ್ಕ ತಟ್ಟನೆ ಗೋಡೆಗೆ ಅಂಟಿಕೊಂಡಳು. ಒಬ್ಬ ಹೋದ. ಅವಳು ಒಂದು ಹೆಜ್ಜೆ ಇಟ್ಟಳು, ಮತ್ತೆ ಟ್ರಿಣ್, ಮತ್ತೆ ಗೋಡೆ. ಪಾಪ, ಸವಾರರದೇನೂ ತಪ್ಪಿಲ್ಲ. ಎಲ್ಲರೂ ಹೇಳಿಕೊಟ್ಟ ಹಾಗೆ ದೂರದಿಂದಲೇ ಗಂಟೆ ಹೊಡೆದು, ಮೆಲ್ಲಗೆ, ಮರ್ಯಾದೆಯಿಂದ ದಾಟಿದರು.

"ಕೇಳಿಸ್ತಲ್ಲ ಅಕ್ಕ? ಈಗ ಭಯ ಇಲ್ಲ" ಅಂದ ಇವನು, ಆಸೆಯಿಂದ.

"ಕೇಳಿಸ್ತು ಕಣೋ. ಪಕ್ಕಕ್ಕೆ ಸರಿ ಅಂತ ಹೇಳ್ತಿದೆ ಅದು. ಈ ಓಣೀಲಿ ಇಷ್ಟು ವರ್ಷ ನಂಗೆ ಯಾರೂ ಹಾಗೆ ಅಂದಿರಲಿಲ್ಲ."

"ನನ್ನ ಗುಂಪನ್ನ ಈ ಕಡೆ ತರೋದೇ ಇಲ್ಲ ಬಿಡು. ನಾಳೆಯಿಂದಲೇ ನಿಲ್ಲಿಸ್ತೀನಿ."

"ನೀನು ನಿಲ್ಲಿಸ್ತೀಯ. ಉಳಿದೋರು?"

ಆ ಉಳಿದವರಿಗೆ ಈ ದಾರಿ ತೋರಿಸಿದವನು ತಾನೇ. ಈಗ ಅವರು ತಮ್ಮ ಹೊಟ್ಟೆಪಾಡಿಗೆ ಬರುವವರು, ತಾನು ಬೇಡ ಅಂದರೆ ನಿಲ್ಲುತ್ತಾರೆಯೇ? ಹಳೇ ಊರಿಗೆ ಬೇರೆ ಓಣಿ ಎಲ್ಲಿದೆ?

"ತಪ್ಪಾಯ್ತು ಅಕ್ಕ" ಅಂದ. "ನೀನು ಅವತ್ತೇ ಹೇಳಿದ್ದೆ."

"ಹ್ಞೂಂ, ಹೇಳಿದ್ದೆ." ಅವಳು ಗೋಡೆ ಸವರುತ್ತ ಮನೆಯ ಕಡೆ ತಿರುಗಿದಳು. "ನಿನ್ನ ಮೇಲೆ ಸಿಟ್ಟೇನಿಲ್ಲ ಕಣೋ. ಕೊಳಕ್ಕೆ ಹೋಗೋ ಆಸೇನೇ ಹೊರಟುಹೋಯ್ತು, ಅಷ್ಟೆ."

ಅವನು ಕೈ ಕೊಡಲು ಹೋದ. ಬೇಡ ಅಂದಳು. ಸಾಲಿನ ಕೊನೆಯವರಿಗೆ ದಾರಿ ಬಿಟ್ಟು, ಗೋಡೆಗೆ ಒರಗಿಕೊಂಡೇ ಒಂದೊಂದು ಹೆಜ್ಜೆ ಇಟ್ಟು ಒಳಗೆ ಹೋದಳು. ಕೊನೆಯಲ್ಲಿ ಬಂದ ಹೆಂಗಸು ಅವನ ಪಕ್ಕ ಸೈಕಲ್ ನಿಲ್ಲಿಸಿ, "ಎಂಥ ಶಾಂತವಾದ ಊರು! ಇಲ್ಲಿರೋರು ಪುಣ್ಯವಂತರು" ಅಂದಳು. ಅವನು ತಲೆಯಾಡಿಸಿದ. ಅಕ್ಕ ಒಂದು ಸಲ ಬಾಯ್ತುಂಬ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅವಳು ಬೈಯಲಿಲ್ಲ, ಆಮೇಲೆ ಯಾವತ್ತೂ ಆ ಹೊಸಿಲು ದಾಟಲೂ ಇಲ್ಲ.