ಖಾಲಿ ಡಬ್ಬಿಯ ಲಂಚ

ಡಬ್ಬಿ ಖಾಲಿಯಾಗಿ ಮನೆಗೆ ಬಂತು ಅಂದರೆ ಮಗು ಊಟ ಮಾಡಿದೆ ಅಂತ ಅರ್ಥವಲ್ಲ. ಡಬ್ಬಿಯಲ್ಲಿ ಊಟ ಇಲ್ಲ ಅಂತ ಮಾತ್ರ ಅರ್ಥ. ಹೆತ್ತವರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು. ಗೊತ್ತಿಲ್ಲದ್ದಕ್ಕೆ ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು.

ಆಕೆ ನಾಲ್ಕಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಎಲ್ಲರಿಗೂ ಇಸ್ತ್ರಿ ಅಕ್ಕ. ಒಂದು ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಹೊಡೆದ ಬಾಟಲಿ. ಜಾಗಕ್ಕೆ ಬಾಡಿಗೆ ಇಲ್ಲ, ಹಕ್ಕೂ ಇಲ್ಲ. ಮೇಲಿನವರು ಬೇಡ ಅಂದ ದಿನ ಮೇಜು ಬೀದಿಗೆ. ಅದಕ್ಕೇ ಆಕೆಯದೊಂದು ಹಟ: ಇಸ್ತ್ರಿಗೆ ಬಂದ ಯಾರ ಬಟ್ಟೆಯ ಜೇಬಿಗೂ ಕೈ ಹಾಕುವುದಿಲ್ಲ. "ಇವತ್ತು ಒಂದು ನೋಟು ತೆಗೆದುಕೊಟ್ರೆ, ನಾಳೆ ಎರಡಿತ್ತು ಅಂತಾರೆ" ಅನ್ನುತ್ತಾಳೆ. ಜನರನ್ನು ಆಕೆ ಚೆನ್ನಾಗಿ ಬಲ್ಲಳು.

ಶಾಲೆಗೆ ರಜೆ ಬಂತು. ಮೂರನೇ ಮಹಡಿಯ ಬ್ಯಾಂಕ್ ಮೇಡಂ ತಮ್ಮ ಐದು ವರ್ಷದ ಮಗಳು ಗುಬ್ಬಿಯನ್ನು ಹಗಲು ಅಕ್ಕನ ಬಳಿ ಬಿಡತೊಡಗಿದರು. ಜೊತೆಗೊಂದು ಡಬ್ಬಿ: ಬೇಯಿಸಿದ ಬೀನ್ಸು, ಕ್ಯಾರೆಟ್ಟು, ಸ್ವಲ್ಪ ಅನ್ನ. ರಜೆ ಅಂತ ಹಾಳುಮೂಳು ತಿನ್ನುವ ಹಾಗಿಲ್ಲ ಎಂದು ಅಪ್ಪಣೆ. ಒಳ್ಳೆಯದೇ.

ಗುಬ್ಬಿ ಗೋಡೆಗೆ ಮುಖ ಮಾಡಿ ತನ್ನ ಡಬ್ಬಿ ಬಿಚ್ಚುತ್ತಿದ್ದಳು. ಅಕ್ಕ ಅವಳಿಗೆ ಬೆನ್ನು ಹಾಕಿ ತನ್ನದನ್ನು.

"ಅಕ್ಕಾ, ನಿಂದೇನು? ಕರುಕುರು ಅಂತಿದೆ."

"ಸೌತೆಕಾಯಿ."

"ನಂಗೆ?"

"ನಿಂದು ನೀನು ತಿನ್ನು ಪುಟ್ಟಿ. ನಾನು ಕೊಟ್ಟು ನಿಂಗೆ ಹೊಟ್ಟೆನೋವು ಬಂದ್ರೆ, ನಿಮ್ಮಮ್ಮ ನನ್ನ ತಲೇನೇ ಇಸ್ತ್ರಿ ಮಾಡ್ತಾರೆ."

ಡಬ್ಬಿ ದಿನಾ ಖಾಲಿ. ಮಗು ಮಾತ್ರ ಸೊರಗುತ್ತಾ ಹೋಯಿತು. ತೂಕ ನೋಡಿದ ಡಾಕ್ಟರು ಹುಬ್ಬುಗಂಟಿಕ್ಕಿದರಂತೆ. ಅವತ್ತೇ ಮೇಡಂ ಮೆಟ್ಟಿಲಿಳಿದು ಬಂದರು.

"ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಡಬ್ಬೀಲಿರೋದನ್ನ ಇವಳೇ ತಿಂತಾಳಾ, ಬೇರೆ ಯಾರಾದ್ರೂ ತಿಂತಾರಾ?"

"ಬೇರೆ ಯಾರು ಮೇಡಂ? ಇಲ್ಲಿರೋಳು ನಾನೊಬ್ಬಳೇ."

"ಅದಕ್ಕೇ ಕೇಳಿದ್ದು. ಭಾನುವಾರ ಕಟ್ಟಡದವರ ಸಭೆ ಇದೆ. ಈ ಮೇಜಿನ ವಿಷಯ ಅಲ್ಲಿ ಮಾತಾಡ್ತೀನಿ."

ಕುಂಬಳಕಾಯಿ ಕಳ್ಳ ಅಂದರೆ ಬಡವರು ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಅಕ್ಕ ಬೀದಿನಾಯಿಯನ್ನು ಅನುಮಾನಿಸಿದಳು, ಕಾವಲುಗಾರನನ್ನು ಅನುಮಾನಿಸಿದಳು, ಕೊನೆಗೆ ತನ್ನ ಕಣ್ಣನ್ನೇ. ಗುಬ್ಬಿಯ ಮೇಲೆ ಮಾತ್ರ ಅನುಮಾನ ಹೋಗಲಿಲ್ಲ.

ಶನಿವಾರ ಮೂರನೇ ಮಹಡಿಯ ಬಟ್ಟೆಗಂಟು ಬಿಚ್ಚಿದಳು. ಗುಬ್ಬಿಯ ಫ್ರಾಕಿನ ಜೇಬಿನ ಮೇಲೆ ಇಸ್ತ್ರಿಪೆಟ್ಟಿಗೆ ಎಡವಿತು. ಚುಂಯ್ ಎಂದು ಹಬೆ ಎದ್ದಿತು. ಹಬೆಗೆ ಬೀನ್ಸಿನ ವಾಸನೆ. ಅಕ್ಕನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು. ಫ್ರಾಕನ್ನು ಹಾಗೇ ಎತ್ತಿಕೊಂಡು ಮೂರು ಮಹಡಿ ಹತ್ತಿದಳು.

"ನೀವೇ ಕೈ ಹಾಕಿ ಮೇಡಂ. ನಾನು ಹಾಕಲ್ಲ."

ಮೇಡಂ ಹೊರತೆಗೆದದ್ದು ಬೀನ್ಸು, ಕ್ಯಾರೆಟ್ಟಿನ ಒಂದು ಗಡ್ಡೆ. ಒಗೆದರೂ ಹೋಗದೆ, ಒಣಗಿ ಕಲ್ಲಾಗಿ, ಈಗ ಇಸ್ತ್ರಿಗೆ ಚಪ್ಪಟೆಯಾಗಿತ್ತು. ಬಾಗಿಲ ಹಿಂದೆ ಗುಬ್ಬಿಯ ಕಾಲು ಕಾಣುತ್ತಿತ್ತು.

"ಏನೇ ಇದು?"

"ಡಬ್ಬಿ ಖಾಲಿ ಮಾಡಿದ್ರೆ ಚಾಕಲೇಟ್ ಅಂದಿದ್ಯಲ್ಲಮ್ಮ."

"ದಿನಾ ಜೇಬಿಗೇನಾ?"

"ಇಲ್ಲ. ಒಂದೊಂದಿನ ಚರಂಡಿಗೆ."

ನೋಡಿ, ದಿನಾ ಸಂಜೆ ಖಾಲಿ ಡಬ್ಬಿಗೆ ಬಹುಮಾನ. ಚಾಕಲೇಟು ತಿಂದ ಹೊಟ್ಟೆಗೆ ರಾತ್ರಿ ಊಟ ಬೇಡ. ಮನೆಯೊಳಗೇ ಲಂಚ ಕೊಟ್ಟು, ಕಳ್ಳರನ್ನು ಮೆಟ್ಟಿಲ ಕೆಳಗೆ ಹುಡುಕಿದ್ದರು. ಆಗಲೂ ಮೇಡಂ ಅಕ್ಕನ ಕಡೆ ತಿರುಗಿ, "ಹೀಗೆ ಮಾಡು ಅಂತ ನೀನೇ ಹೇಳ್ಕೊಟ್ಯಾ?" ಅಂದರು.

"ಚಾಕಲೇಟ್ ಕೊಟ್ಟೋಳು ನಾನಲ್ಲ ಮೇಡಂ."

ಭಾನುವಾರದ ಸಭೆಯಲ್ಲಿ ಮೇಜಿನ ಮಾತು ಬರಲಿಲ್ಲ. ತಪ್ಪಾಯ್ತು ಅನ್ನುವ ಮಾತೂ ಬರಲಿಲ್ಲ. ಸಭೆ ಮುಗಿಸಿ ಮೇಡಂ ಡಬ್ಬಿ ಹಿಡಿದು ಕೆಳಗೆ ಬಂದರು. "ಇನ್ಮೇಲೆ ಇಬ್ರೂ ಜೊತೇಲಿ ತಿನ್ನಿ. ನಿಂದು ಅವಳಿಗೂ ಕೊಡು."

ಅಕ್ಕ ನಂಬಲಿಲ್ಲ. ಯಾಕೆ ನಂಬಬೇಕು? "ನೀವೂ ಕೂತ್ಕೊಳ್ಳಿ. ನಿಮ್ಮ ಕಣ್ಣೆದುರೇ ಕೊಡ್ತೀನಿ."

ಮೇಡಂ ಮೆಟ್ಟಿಲ ಮೇಲೆ ಕೂತರು. ಗುಬ್ಬಿ ಅಕ್ಕನ ಸೌತೆಕಾಯಿ ಕರುಕುರು ಅನ್ನಿಸಿದಳು. ಮೇಡಂ ತಮ್ಮ ಡಬ್ಬಿಯ ಬೀನ್ಸು ಬಾಯಿಗಿಟ್ಟು ಮುಖ ಕಿವುಚಿದರು. "ಇದಕ್ಕೆ ಉಪ್ಪೇ ಇಲ್ವಲ್ಲ."

"ದಿನಾ ಹಂಗೇ ಇರತ್ತೆ," ಅಂದಳು ಗುಬ್ಬಿ.

ರಜೆ ಇನ್ನೂ ಮುಗಿದಿಲ್ಲ. ಹೆತ್ತವರೇ, ಸಂಜೆಯ ಲಂಚವನ್ನು ಇವತ್ತೇ ನಿಲ್ಲಿಸಿ. ಮಗುವಿಗೆ ಬಡಿಸಿದ್ದನ್ನೇ ನಿಮ್ಮ ತಟ್ಟೆಗೂ ಹಾಕಿಕೊಂಡು, ಮಗುವಿನ ಎದುರು ಕೂತು, ಕೊನೆಯ ತುತ್ತಿನವರೆಗೆ ತಿನ್ನಿ. ನಿಮ್ಮ ಗಂಟಲಲ್ಲಿ ಇಳಿಯದಿದ್ದರೆ ಎದ್ದು ಹೋಗಿ ಬೇರೆ ಅಡುಗೆ ಮಾಡಿ. ಅಲ್ಲಿಯವರೆಗೆ ಯಾರ ಮೇಲೂ ಬೆರಳು ತೋರಿಸಬೇಡಿ.