ಪ್ಲಾಸ್ಟಿಕ್ ಹೊದ್ದ ಹೀಟ್ ಅಲಾರಂ

ಕೊರೋನಾ ಲಾಕ್‌ಡೌನ್ ಮುಗಿದ ಮರುವರ್ಷದ ಮಳೆಗಾಲ. ಕಳಸದಲ್ಲಿ ಎಲೆಕ್ಟ್ರಿಷಿಯನ್ ಆಗಿ ನನಗಾಗಲೇ ಇಪ್ಪತ್ತೆಂಟು ವರ್ಷದ ಅನುಭವವಿತ್ತು. ಸಂಸೆಯ ಸುಮಿತ್ರಮ್ಮನವರ ಮನೆಗೆ ಪೂರ್ತಿ ವೈರಿಂಗ್ ಮಾಡಿದವನು ನಾನೇ. ಆದರೆ ತೋಟದ ಮನೆಯಲ್ಲಿ ಹೋಂಸ್ಟೇ ಶುರು ಮಾಡಿದಾಗ ಅವರು ಹೊಸ ಕೆಲಸಕ್ಕೆ ಕರೆದದ್ದು ಸುರೇಶನನ್ನು.

ಸುರೇಶ ನನ್ನ ಜೊತೆಗೇ ಐಟಿಐ ಓದಿದವನು. ಮಂಗಳೂರಿನಲ್ಲಿ ಅದೇನೋ ತರಬೇತಿ ಮುಗಿಸಿ ಬಂದ ಮೇಲೆ ಎಸ್ಟೇಟಿನವರ ಬಾಯಲ್ಲೆಲ್ಲ ಅವನದೇ ಹೆಸರು. ನನಗೆ ಹೊಟ್ಟೆಕಿಚ್ಚು ಇರಲಿಲ್ಲವೆಂದರೆ ಅದು ಶುದ್ಧ ಸುಳ್ಳು. ಅವನ ಜೀಪು ಎದುರಾದ ದಿನ ನನಗೆ ಊಟ ರುಚಿಸುತ್ತಿರಲಿಲ್ಲ.

ಒಂದು ದಿನ ಮಿಕ್ಸಿ ಪಾಯಿಂಟ್ ಸುಟ್ಟಿದೆಯೆಂದು ಸುಮಿತ್ರಮ್ಮ ಕರೆಸಿದರು. ಅಡುಗೆಮನೆಯ ಮಾಡಿಗೆ ಸುರೇಶ ಬೆಂಕಿ ಬಿದ್ದರೆ ಎಚ್ಚರಿಸುವ ಹೀಟ್ ಅಲಾರಂ ಹಾಕಿದ್ದ. ಒಲೆ ಉರಿಯುವ ಮನೆಯಲ್ಲಿ ಹೊಗೆಯ ಅಲಾರಂ ಒಗ್ಗರಣೆಗೂ ಕೂಗುತ್ತದೆ. ಇದು ಹಾಗಲ್ಲ, ಅದರ ಸುತ್ತಲಿನ ಗಾಳಿ ಸುಮಾರು ಐವತ್ತೆಂಟು ಡಿಗ್ರಿ ಬಿಸಿಯಾದರೆ ಮಾತ್ರ ಕೂಗುತ್ತದೆ. ಒಳ್ಳೆಯ ಕೆಲಸವೇ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ನಮ್ಮ ಕಡೆ ಮಳೆ ಹಿಡಿಯಿತೆಂದರೆ ಬೆಂಕಿಪೊಟ್ಟಣದಿಂದ ಟಿವಿ ರಿಮೋಟಿನವರೆಗೆ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸುತ್ತೇವೆ. ಅಲಾರಮ್ಮಿಗೂ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು.

“ಬೂಷ್ಟು ಹಿಡಿಯುತ್ತೆ ಅಂತ ನಾನೇ ಕಟ್ಟಿದ್ದು ಮಾರಾಯ. ತಿಂಗಳು ತಿಂಗಳು ಬಟನ್ ಒತ್ತಿ ನೋಡ್ತೀನಿ, ಸರಿಯಾಗೇ ಕೂಗುತ್ತೆ. ಸುರೇಶ್ ಅವ್ರ ಕೆಲಸ ಅಂದ್ರೆ ಕೆಲಸ!” ಎಂದರು ಸುಮಿತ್ರಮ್ಮ.

ಆ ಬಟನ್ ಪರೀಕ್ಷಿಸುವುದು ಬ್ಯಾಟರಿಯನ್ನೂ ಸದ್ದನ್ನೂ ಮಾತ್ರ. ಪ್ಲಾಸ್ಟಿಕ್ ಇದ್ದರೆ ಬಿಸಿ ಒಳಗೆ ಹೋಗುವುದೇ ತಡವಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ. ಅವನ ಹೆಸರಿಗೆ ಒಂದು ಮಸಿ ಬೀಳಲಿ ಎಂದುಕೊಂಡು ಪಾಯಿಂಟ್ ಸರಿಮಾಡಿ, ಅವರು ಕೊಟ್ಟ ಕಾಫಿ ಕುಡಿದು ಬಂದೆ.

ಹದಿನೈದು ದಿನವಾಗಿರಲಿಲ್ಲ. ಬಾಣಲೆಯಲ್ಲಿ ಎಣ್ಣೆ ಕಾಯಲಿಟ್ಟು ಸುಮಿತ್ರಮ್ಮ ಅಂಗಳಕ್ಕೆ ಹೋಗಿದ್ದರಂತೆ. ಎಣ್ಣೆಗೆ ಹತ್ತಿದ ಬೆಂಕಿ ಕಿಟಕಿಯ ಪರದೆಗೂ ಹಿಡಿಯಿತು. ಪ್ಲಾಸ್ಟಿಕ್ ಕರಗಿದ ಮೇಲಷ್ಟೇ ಅಲಾರಂ ಕೂಗಿದ್ದು. ಓಡಿಬಂದು ಪರದೆ ಎಳೆಯಲು ಹೋಗಿ ಅವರ ಬಲಗೈ ಮೊಣಕೈವರೆಗೆ ಸುಟ್ಟಿತು.

ಅವರು ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಸುರೇಶ ಅಲ್ಲೇ ತಲೆ ತಗ್ಗಿಸಿ ಕೂತಿದ್ದ. “ಕಟ್ಟಬಾರ್ದು ಅಂತ ನಾನು ಹೇಳ್ಬೇಕಿತ್ತು. ತಪ್ಪು ನಂದೇ,” ಎಂದ.

ಸುಮಿತ್ರಮ್ಮ ನನ್ನತ್ತ ತೋರಿಸುತ್ತ ಅವನನ್ನು ಸಮಾಧಾನ ಮಾಡಿದರು. “ಬಿಡಿ ಸುರೇಶ್ ಅವ್ರೇ. ಈ ಶಂಕರನೂ ಅವತ್ತು ನೋಡಿದ್ದ. ಪಾಪ, ಅವನಿಗೇ ಗೊತ್ತಿರ್ಲಿಲ್ಲ, ಇನ್ನು ನನಗೆಲ್ಲಿಂದ ಗೊತ್ತಾಗ್ಬೇಕು?”

ಸುಮ್ಮನಿದ್ದರೆ ಪಾರಾಗುತ್ತಿದ್ದೆ. ಆದರೆ ಸುರೇಶನೆದುರು ಕೆಲಸ ತಿಳಿಯದವನೆನಿಸಿಕೊಳ್ಳಲು ನನ್ನಿಂದಾಗಲಿಲ್ಲ.

“ಗೊತ್ತಿತ್ತಮ್ಮ,” ಎಂದುಬಿಟ್ಟೆ.

ಸುಮಿತ್ರಮ್ಮ ನನ್ನನ್ನೇ ನೋಡಿದರು, ಆಮೇಲೆ ಬ್ಯಾಂಡೇಜಿನ ಕೈ ನೋಡಿಕೊಂಡರು. ನಿಜ ಹೇಳಿದೆನೆಂದು ಬೀಗುವಂತೆಯೂ ಇಲ್ಲ. ಅದನ್ನು ಹೇಳಿಸಿದ್ದೂ ಆ ಹಾಳು ಹೊಟ್ಟೆಕಿಚ್ಚೇ.

ಈಗ ಯಾವ ಮನೆಗೆ ಹೋದರೂ ಮೊದಲು ಅಲಾರಂ ನೋಡುತ್ತೇನೆ. ಹೊದಿಸಬೇಡಿ, ಬಣ್ಣ ಬಳಿಯಬೇಡಿ, ಒಣಬಟ್ಟೆಯಲ್ಲಿ ಮಸಿ ಒರೆಸಿ, ಬಟನ್ ಒತ್ತಿದಾಗ ಕೂಗಿತೆಂದು ನಿಶ್ಚಿಂತರಾಗಬೇಡಿ ಎಂದು ಹೇಳುತ್ತೇನೆ. ಹಾಕಿದ್ದು ಸುರೇಶನಾದರೂ ಹೇಳುತ್ತೇನೆ. ಅಸೂಯೆ ಹೋಗಿಲ್ಲ. ಆದರೆ ತಿಳಿದದ್ದನ್ನು ಬಚ್ಚಿಡುವ ಕೆಲಸಗಾರನಿಗಿಂತ ತಿಳಿಯದವನೇ ವಾಸಿ ಎಂಬುದನ್ನು ಈ ವೃತ್ತಿ ನನಗೆ ಕಲಿಸಿದೆ. ಸುಮಿತ್ರಮ್ಮನವರ ಮನೆಯಿಂದ ಮಾತ್ರ ನನಗೆ ಮತ್ತೆ ಕರೆ ಬಂದಿಲ್ಲ.